ತೆರೆಯುವ ಮೊದಲು ಕಾಣುವ ಸಾಲು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳಿವು. ಬಂದಿದ್ದವರಲ್ಲಿ ಕೆಲವರು ಬರೆದು ಕೊಡಿ ಎಂದು ಕೇಳಿದರು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹಾಗೆಯೇ ಇದೆ.

ಎಲ್ಲರಿಗೂ ನಮಸ್ಕಾರ.

ಒಮ್ಮೆ ಎಲ್ಲರೂ ಫೋನ್ ಕೈಗೆ ತೆಗೆದುಕೊಳ್ಳಿ. ಮೇಲ್ ತೆರೆಯಿರಿ. ಯಾವ ಪತ್ರವನ್ನೂ ಒತ್ತಬೇಡಿ, ಪಟ್ಟಿಯನ್ನು ಮಾತ್ರ ನೋಡಿ. ಕಳಿಸಿದವರ ಹೆಸರು ಕಾಣುತ್ತದೆ. ಅದರ ಕೆಳಗೆ ಸಬ್ಜೆಕ್ಟ್, ಅಂದರೆ ವಿಷಯದ ಸಾಲು. ಅದರ ಕೆಳಗೆ ಬೂದು ಬಣ್ಣದಲ್ಲಿ ಇನ್ನೊಂದು ಸಾಲಿದೆ. ಅರ್ಧಕ್ಕೇ ನಿಂತು, ಕೊನೆಗೆ ಮೂರು ಚುಕ್ಕೆ. ಇವತ್ತು ನಾನು ಮಾತಾಡುವುದು ಆ ಬೂದು ಸಾಲಿನ ಬಗ್ಗೆ.

ಅದಕ್ಕೆ ಪ್ರಿವ್ಯೂ ಎನ್ನುತ್ತಾರೆ. ಮೇಲ್ ವಿನ್ಯಾಸದ ಕೆಲಸ ಮಾಡುವ ನಾವು ಪ್ರೀಹೆಡರ್ ಎನ್ನುತ್ತೇವೆ. ಸಂಸ್ಥೆಗಳು ಸಾವಿರಾರು ಜನರಿಗೆ ಒಟ್ಟಿಗೆ ಕಳಿಸುವ ಮೇಲ್‌ಗಳನ್ನು ತಯಾರಿಸುವುದು ನನ್ನ ಹೊಟ್ಟೆಪಾಡು. ಬಹಳ ವರ್ಷ ಬೆಂಗಳೂರಿನಲ್ಲಿ ಮಾಡಿದೆ, ಈಗ ಇಲ್ಲೇ ಮನೆಯಲ್ಲಿ ಕೂತು ಮಾಡುತ್ತೇನೆ. ಆದರೆ ಈ ಒಂದು ಸಾಲಿಗೆ ಎಷ್ಟು ಬೆಲೆ ಇದೆ ಎಂದು ನನಗೆ ಗೊತ್ತಾದದ್ದು ಆಫೀಸಿನಲ್ಲಿ ಅಲ್ಲ, ನಮ್ಮ ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಮನೆಯ ಜಗಲಿಯಲ್ಲಿ.

ಅಪ್ಪಚ್ಚಿ ಅಡಿಕೆ ತೋಟಕ್ಕೆ ಹನಿ ನೀರಾವರಿ ಮಾಡಿಸಬೇಕು ಎಂದು ಒಂದು ಕಡೆ ಸಹಾಯಧನಕ್ಕೆ ಅರ್ಜಿ ಹಾಕಿದ್ದರು. ಫಾರ್ಮಿನಲ್ಲಿ ಯಾವ ಭಾಷೆ ಎಂದು ಕೇಳಿದ್ದರು. ಇವರು ಕನ್ನಡ ಎಂದು ಗುರುತು ಹಾಕಿದ್ದರು. ಮೂರು ತಿಂಗಳಾದರೂ ಉತ್ತರ ಇಲ್ಲ. ಒಂದು ದಿನ ನಾನು ಹೋದಾಗ ಫೋನ್ ಕೊಟ್ಟು, ನೋಡು ಎಂದರು. ಮೇಲ್ ಬಂದು ಐವತ್ತು ದಿನವಾಗಿತ್ತು. ಕಳಿಸಿದವರ ಹೆಸರು ಇಂಗ್ಲಿಷಿನಲ್ಲಿ. ಸಬ್ಜೆಕ್ಟ್ ಇಂಗ್ಲಿಷಿನಲ್ಲಿ, ಅದೂ ಬರೀ ಒಂದು ನಂಬರು. ಕೆಳಗೆ ಬೂದು ಸಾಲಿನಲ್ಲಿ ಇದ್ದದ್ದು ಹೀಗೆ: ‘ಲೋಗೋ. ವ್ಯೂ ದಿಸ್ ಇಮೇಲ್ ಇನ್ ಯುವರ್ ಬ್ರೌಸರ್...’

‘ಅದು ಎಂತದೋ ಜಾಹೀರಾತು ಹೇಳಿ ಗ್ರೇಶಿದೆ’ ಎಂದರು ಅಪ್ಪಚ್ಚಿ. ಜಾಹೀರಾತು ಎಂದುಕೊಂಡೆ ಎಂದರ್ಥ.

ಒತ್ತಿ ನೋಡಿದೆ. ಮೊದಲು ಇಂಗ್ಲಿಷ್, ಆಮೇಲೆ ಮಲೆಯಾಳ. ಬೆರಳಿನಿಂದ ಸರಿಸುತ್ತಾ ಸರಿಸುತ್ತಾ ತುಂಬಾ ಕೆಳಗೆ ಹೋದ ಮೇಲೆ ಕನ್ನಡ. ಒಳ್ಳೆಯ ಕನ್ನಡವೇ. ಒಂದು ದಾಖಲೆ ಕಡಿಮೆ ಇದೆ, ಮೂವತ್ತು ದಿನದೊಳಗೆ ಕೊಡಿ ಎಂದು ಬರೆದಿತ್ತು. ಯಾರೋ ಒಬ್ಬರು ಕೂತು ಮನಸ್ಸಿಟ್ಟು ಅನುವಾದ ಮಾಡಿದ್ದಾರೆ. ನಮ್ಮ ಭಾಷೆಗೆ ಜಾಗ ಕೊಟ್ಟಿದ್ದಾರೆ. ಆದರೆ ಆ ಜಾಗ ತೆರೆದು ನೋಡಿದವರಿಗೆ ಮಾತ್ರ. ತೆರೆಯಬೇಕು ಎಂದು ತಿಳಿಸುವ ಸಾಲಿನಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ನಾವು ಕಾಸರಗೋಡಿನವರು. 1956ರ ನವೆಂಬರ್ 1ರಿಂದ ಕೇರಳದಲ್ಲಿದ್ದೇವೆ. ಬೋರ್ಡಿನಲ್ಲಿ ಕನ್ನಡ, ಅರ್ಜಿಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ ಎಂದು ಹಿರಿಯರು ಕೇಳುತ್ತಲೇ ಬಂದಿದ್ದಾರೆ. ಕೇರಳದ 1969ರ ರಾಜ್ಯಭಾಷಾ ಕಾನೂನಿನಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ಪತ್ರ ವ್ಯವಹಾರ ಮಾಡಬಹುದು ಎಂದಿದೆ. ಆಗ ಪತ್ರ ಎಂದರೆ ಕಾಗದ. ಕಾಗದ ಕೈಗೆ ಬಂದರೆ ಮೇಲಿಂದ ಕೆಳಗಿನವರೆಗೆ ಒಂದೇ ನೋಟಕ್ಕೆ ಕಾಣುತ್ತಿತ್ತು. ಈಗ ಹಾಗಲ್ಲ. ಈಗ ಮೊದಲು ಕಾಣುವುದು ಹೆಸರು, ವಿಷಯ, ಬೂದು ಸಾಲು. ಕನ್ನಡ ಅಲ್ಲಿ ಇಲ್ಲದಿದ್ದರೆ ಕೆಳಗೆ ಎಷ್ಟು ಇದ್ದರೂ ಅಪ್ಪಚ್ಚಿಗೆ ಅದು ಸಿಗುವುದಿಲ್ಲ.

ತೆರೆಯುವ ಮೊದಲೇ ಸುದ್ದಿ ತಿಳಿಸುವುದು ನಮಗೆ ಹೊಸತೇನೂ ಅಲ್ಲ. ಮದುವೆ ಕಾಗದದ ಮೂಲೆಗೆ ಅರಸಿನ ಹಚ್ಚುತ್ತೇವೆ. ಮರಣದ ಕಾಗದಕ್ಕೆ ಅಂಚಿಗೆ ಕಪ್ಪು. ಪೋಸ್ಟಿನವನು ಕೈಯಲ್ಲಿ ಹಿಡಿದು ಅಂಗಳಕ್ಕೆ ಬರುವಾಗಲೇ ಮನೆಯವರಿಗೆ ಗೊತ್ತಾಗುತ್ತಿತ್ತು. ಆದರೆ ಕಾಗದದ ಒಳಗಿನ ಮೊದಲ ಸಾಲು ಎಂತದು? ‘ಉಭಯ ಕುಶಲೋಪರಿ ಸಾಂಪ್ರತ.’ ಎಲ್ಲ ಕಾಗದಕ್ಕೂ ಅದೇ. ಅದು ಮರ್ಯಾದೆಯ ಸಾಲು, ಸುದ್ದಿ ಅಲ್ಲ. ಕಣ್ಣು ಅದನ್ನು ದಾಟಿ ಕೆಳಗೆ ಹೋಗುತ್ತಿತ್ತು. ಮೇಲ್‌ನ ಪಟ್ಟಿಯಲ್ಲಿ ಕಣ್ಣಿಗೆ ದಾಟಿ ಹೋಗಲು ದಾರಿ ಇಲ್ಲ. ‘ಮಾನ್ಯರೇ, ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಶುರು ಮಾಡಿದರೆ, ಬೂದು ಸಾಲು ಅಲ್ಲಿಗೇ ಮುಗಿಯಿತು. ಏನನ್ನು ತರಬಯಸಿದರು ಎಂಬುದು ಮೂರು ಚುಕ್ಕೆಯ ಆಚೆಗೆ.

ಈ ಬೂದು ಸಾಲು ಎಲ್ಲಿಂದ ಬರುತ್ತದೆ? ಸಬ್ಜೆಕ್ಟ್‌ಗೆ ಬೇರೆ ಜಾಗ ಇದೆ, ಕಳಿಸಿದವರ ಹೆಸರಿಗೆ ಬೇರೆ ಜಾಗ ಇದೆ. ಪ್ರಿವ್ಯೂಗೆ ಹಾಗೆ ಮೀಸಲು ಜಾಗ ಇಲ್ಲ. ಜಿಮೇಲ್ ಆಗಲಿ, ಐಫೋನಿನ ಮೇಲ್ ಆಗಲಿ, ಔಟ್‌ಲುಕ್ ಆಗಲಿ, ಪತ್ರದ ಒಳಗೆ ಮೊದಲು ಸಿಕ್ಕಿದ ಅಕ್ಷರಗಳನ್ನು ಎತ್ತಿ ಅಲ್ಲಿ ಹಾಕುತ್ತವೆ. ನೀವು ಸುಮ್ನೆ ಟೈಪ್ ಮಾಡಿ ಕಳಿಸಿದ ಮೇಲ್ ಆದರೆ ನಿಮ್ಮ ಮೊದಲ ವಾಕ್ಯ ಬರುತ್ತದೆ. ಚಿತ್ರ, ಬಣ್ಣ, ಬಟನ್ ಎಲ್ಲ ಇರುವ ಮೇಲ್ ಆದರೆ ಮೊದಲು ಸಿಗುವುದು ಲೋಗೋ ಚಿತ್ರಕ್ಕೆ ಇಟ್ಟ ಹೆಸರು, ಇಲ್ಲವೇ ‘ಬ್ರೌಸರಿನಲ್ಲಿ ನೋಡಿ’ ಎಂಬ ಕೊಂಡಿ. ಅಪ್ಪಚ್ಚಿಗೆ ಬಂದದ್ದು ಅದೇ. ಯಾರೂ ಬೇಕೆಂದು ಬರೆದದ್ದಲ್ಲ. ಯಾರೂ ಬರೆಯದೆ ಬಿಟ್ಟದ್ದರಿಂದ ಬಂದದ್ದು.

ಇದಕ್ಕೆ ನಮ್ಮ ಕೆಲಸದಲ್ಲಿ ಒಂದು ಉಪಾಯ ಇದೆ. ಮೇಲ್‌ನ ಎಚ್‌ಟಿಎಂಎಲ್‌ನಲ್ಲಿ, ಅಂದರೆ ಅದನ್ನು ಕಟ್ಟುವ ಕೋಡಿನಲ್ಲಿ, ಬಾಡಿ ಎಂಬ ಪತ್ರದ ಒಡಲು ಶುರುವಾದ ಕೂಡಲೇ, ಲೋಗೋಗಿಂತಲೂ ಮೊದಲು ಡಿವ್ ಎಂಬ ಒಂದು ಸಣ್ಣ ಡಬ್ಬಿ ಇಡುತ್ತೇವೆ. ಅದರಲ್ಲಿ ಪಟ್ಟಿಯಲ್ಲಿ ಕಾಣಬೇಕಾದ ವಾಕ್ಯ ಬರೆಯುತ್ತೇವೆ. ಆಮೇಲೆ ಅದನ್ನು ಅಡಗಿಸುತ್ತೇವೆ. ಪಟ್ಟಿ ತಯಾರಿಸುವ ಪ್ರೋಗ್ರಾಂ ಅದನ್ನು ಎತ್ತಿಕೊಳ್ಳುತ್ತದೆ. ಮೇಲ್ ತೆರೆದವರಿಗೆ ಅದು ಕಾಣುವುದಿಲ್ಲ.

ಅಡಗಿಸುವುದು ಸುಲಭ ಇಲ್ಲ. ‘ಡಿಸ್‌ಪ್ಲೇ ನನ್’ ಎಂದು ಒಂದೇ ಆಜ್ಞೆ ಬರೆದರೆ ಸಾಕು ಅಂತ ಕಾಣುತ್ತದೆ. ಆದರೆ ಎಲ್ಲ ಮೇಲ್ ಪ್ರೋಗ್ರಾಂಗಳೂ ಎಲ್ಲ ಆಜ್ಞೆಯನ್ನೂ ಪಾಲಿಸುವುದಿಲ್ಲ. ಅದಕ್ಕೆ ಒಂದರ ಮೇಲೊಂದು ಹಾಕುತ್ತೇವೆ: ಅಕ್ಷರದ ಗಾತ್ರ 1 ಪಿಕ್ಸೆಲ್, ಎತ್ತರ ಸೊನ್ನೆ, ಹೊರಗೆ ಉಳಿದದ್ದು ಕಾಣದಂತೆ, ಬಣ್ಣ ಹಿನ್ನೆಲೆಯದ್ದೇ. ವಿಂಡೋಸ್‌ನ ಔಟ್‌ಲುಕ್ 2007ರಿಂದ ಮೇಲ್ ತೋರಿಸಲು ಬ್ರೌಸರಿನ ಯಂತ್ರ ಬಿಟ್ಟು ವರ್ಡ್‌ನ ಯಂತ್ರ ಹಿಡಿಯಿತು. ಅದಕ್ಕೆ ಮಾತ್ರ ಅರ್ಥವಾಗುವ ‘ಎಂಎಸ್ಒ ಹೈಡ್ ಆಲ್’ ಎಂಬ ಆಜ್ಞೆಯೂ ಬೇಕು. ಒಂದು ಸಾಲು ಅಡಗಿಸಲು ಏಳೆಂಟು ಸೂಚನೆ.

ಇನ್ನೊಂದು ತೊಂದರೆ ಇದೆ. ನಿಮ್ಮ ವಾಕ್ಯ ಚಿಕ್ಕದಾದರೆ ಪ್ರೋಗ್ರಾಂ ಅಲ್ಲಿಗೆ ನಿಲ್ಲುವುದಿಲ್ಲ. ಜಾಗ ಉಳಿದಿದೆ ಎಂದು ಮುಂದಿನದ್ದನ್ನೂ ಎಳೆದು ತರುತ್ತದೆ. ‘ನಾಳೆ ಕೊನೆಯ ದಿನ’ ಆದ ಮೇಲೆ ‘ಲೋಗೋ ವ್ಯೂ ದಿಸ್ ಇಮೇಲ್’ ಅಂಟಿಕೊಳ್ಳುತ್ತದೆ. ಅದನ್ನು ತಡೆಯಲು ವಾಕ್ಯದ ಹಿಂದೆ ಕಾಣದ ಅಕ್ಷರಗಳ ಉದ್ದ ಸಾಲು ತುಂಬಿಸುತ್ತೇವೆ. ಒಂದು ಸೊನ್ನೆ ಅಗಲದ ಅಕ್ಷರ, ಒಂದು ಮುರಿಯದ ಖಾಲಿ ಜಾಗ, ಮತ್ತೆ ಅದು, ಮತ್ತೆ ಇದು, ಹೀಗೆ ನೂರು ಸಲ. ನೋಡುವವರಿಗೆ ಬರೀ ಖಾಲಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಆ ಸೊನ್ನೆ ಅಗಲದ ಅಕ್ಷರ ನಮಗೆ ಪರಿಚಯದ್ದೇ. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಎಲ್ಲ ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಅಕ್ಕಪಕ್ಕದ ಅಕ್ಷರಗಳು ಒಂದಕ್ಕೊಂದು ಕೂಡಬಾರದು ಎಂದು ಹೇಳುವುದು ಅದರ ಕೆಲಸ. ಇಂಗ್ಲಿಷಿಗೆ ಅದು ಬೇಕಾಗುವುದೇ ಇಲ್ಲ. ಹಾಗಾಗಿ ಇಂಗ್ಲಿಷ್ ಮೇಲ್ ಮಾಡುವವರಿಗೆ ಅದು ಸಂದು ತುಂಬುವ ಹೊಟ್ಟು. ಕನ್ನಡಕ್ಕೆ ಅದು ಉಸಿರು. ಬೋರ್ಡಿನಲ್ಲಿ ಬರೆಯುತ್ತೇನೆ ನೋಡಿ: ‘ಮೇಲ್‌ನಲ್ಲಿ’. ಲ್ ಆದ ಮೇಲೆ ನ ಬೇರೆ ನಿಂತಿದೆ, ಅಲ್ವಾ? ನಡುವೆ ಆ ಕಾಣದ ಅಕ್ಷರ ಕೂತಿದೆ. ಅದನ್ನು ತೆಗೆದರೆ ‘ಮೇಲ್ನಲ್ಲಿ’. ನಕಾರ ಒತ್ತಾಗಿ ಲಕಾರದ ಕೆಳಗೆ ಹೋಯಿತು. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’.

ಒಮ್ಮೆ ಹೀಗಾಯಿತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು, ಕನ್ನಡ ಬಾರದವರು, ಒಂದು ಮೇಲ್‌ನ ಕಡತ ಸ್ವಚ್ಛ ಮಾಡಲು ಕೂತರು. ಅದರ ತುಂಬಾ ಈ ಕಾಣದ ಅಕ್ಷರಗಳಿದ್ದವು. ಇವೆಲ್ಲ ಹಳೆಯ ಹೊಟ್ಟು ಎಂದುಕೊಂಡು ಒಂದೇ ಏಟಿಗೆ ಹುಡುಕಿ ಅಳಿಸಿದರು. ಪ್ರೀಹೆಡರಿನ ಹೊಟ್ಟೂ ಹೋಯಿತು, ಕನ್ನಡ ಪದಗಳ ನಡುವಿನದ್ದೂ ಹೋಯಿತು. ಕಳಿಸಿದ ಮೇಲೆ ನೋಡಿದರೆ ಇಂಗ್ಲಿಷಿನಿಂದ ಬಂದ ಹೆಸರುಗಳೆಲ್ಲ ಕೂಡಿಕೊಂಡು ಗಂಟಾಗಿವೆ. ಓದಲು ಬರುವುದಿಲ್ಲ ಎಂದಲ್ಲ. ಆದರೆ ಓದಿದವರಿಗೆ, ಇವರಿಗೆ ಕನ್ನಡದ ಬಗ್ಗೆ ಕಾಳಜಿ ಇಲ್ಲ ಎನ್ನಿಸುತ್ತದೆ. ಕಾಳಜಿ ಇದ್ದವರ ಮೇಲ್ ಅದು. ನನಗೆ ಅವತ್ತು ತುಂಬಾ ಬೇಸರವಾಯಿತು.

ನಮ್ಮ ಜೊತೆ ಇರುವ ಮಲೆಯಾಳಕ್ಕೂ ಇಂಥದ್ದೇ ಒಂದು ಕಥೆ ಇದೆ. ಅವರ ಚಿಲ್ಲಕ್ಷರ, ಅಂದರೆ ‘ಅವನ್’, ‘ಅವಳ್’ ಎನ್ನುವಾಗ ಕೊನೆಗೆ ಬರುವ ಸ್ವರವಿಲ್ಲದ ಅಕ್ಷರ, ಮೊದಲು ಕಾಣದ ಇನ್ನೊಂದು ಅಕ್ಷರದ ಸಹಾಯದಿಂದಲೇ ಮೂಡುತ್ತಿತ್ತು. ಅದು ಜಾಯ್ನರ್, ಕೂಡಿಸುವಂಥದ್ದು. 2008ರ ಯೂನಿಕೋಡ್ 5.1ರಲ್ಲಿ ಚಿಲ್ಲುಗಳಿಗೆ ಸ್ವಂತ ಸಂಖ್ಯೆ ಬಂತು. ನಾವು ಇನ್ನೂ ಆ ಕಾಣದ ಅಕ್ಷರವನ್ನೇ ನಂಬಿಕೊಂಡಿದ್ದೇವೆ. ಆದ್ದರಿಂದ ಕನ್ನಡದ ಮೇಲ್ ತಯಾರಿಸುವವರು ಅದನ್ನು ಎಲ್ಲಿ ಹೊಟ್ಟಾಗಿ ಹಾಕಿದ್ದೇವೆ, ಎಲ್ಲಿ ಪದದ ಭಾಗವಾಗಿ ಹಾಕಿದ್ದೇವೆ ಎಂದು ಬೇರೆ ಬೇರೆಯಾಗಿ ನೋಡಲೇಬೇಕು.

ಗಾತ್ರದ ಮಾತು ಒಂದಿದೆ. ‘ಕನ್ನಡ’ ಎಂದು ಬರೆದರೆ ನಮಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಕ, ನ, ಸ್ವರ ತೆಗೆಯುವ ಹಲಂತ, ನ, ಡ ಎಂದು ಐದು. ಅಕ್ಷರ ಕೂಡಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟು ಜಾಗ. ಒಟ್ಟು 15. ಇಂಗ್ಲಿಷಿನ ಐದು ಅಕ್ಷರಕ್ಕೆ ಐದೇ ಬೈಟು. ಜಿಮೇಲ್ ಸುಮಾರು 102 ಕೆಬಿ ದಾಟಿದ ಮೇಲ್ ಅನ್ನು ಅರ್ಧದಲ್ಲಿ ಕತ್ತರಿಸಿ, ಪೂರ್ತಿ ನೋಡಲು ಒಂದು ಕೊಂಡಿ ಕೊಡುತ್ತದೆ. ಮೂರು ಭಾಷೆಯ ಮೇಲ್‌ನಲ್ಲಿ ಕನ್ನಡ ಕೊನೆಗಿದ್ದರೆ ಕತ್ತರಿ ಬೀಳುವುದು ಯಾರಿಗೆ ಎಂದು ನೀವೇ ಯೋಚಿಸಿ.

ಈಗ ನಿಜವಾಗಿ ಕಷ್ಟದ ವಿಷಯಕ್ಕೆ ಬರುತ್ತೇನೆ. ಅದು ಕೋಡಿನ ವಿಷಯ ಅಲ್ಲ, ವ್ಯಾಕರಣದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಲ್ಲ, ಬೇಡ, ಆಗದು, ರದ್ದಾಗಿದೆ, ಮುಂದೆ ಹೋಗಿದೆ, ಎಲ್ಲ ಕೊನೆಗೆ. ಬೂದು ಸಾಲು ಕತ್ತರಿಸುವುದೂ ಕೊನೆಯನ್ನೇ. ‘ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಸಂಘದ ವಾರ್ಷಿಕ ಸಭೆಯು...’ ಎಂದು ಕಂಡರೆ ನೀವು ಏನು ಮಾಡುತ್ತೀರಿ? ಭಾನುವಾರ ಹತ್ತಕ್ಕೆ ಹೊರಡುತ್ತೀರಿ. ಮುಳ್ಳೇರಿಯದಿಂದಲೋ ಪೆರ್ಲದಿಂದಲೋ ಬಸ್ಸು ಹಿಡಿದು ಬರುತ್ತೀರಿ. ಬಂದ ಮೇಲೆ ಹಾಲ್‌ಗೆ ಬೀಗ. ಪೂರ್ತಿ ವಾಕ್ಯ ‘ಸಭೆಯು ಅನಿವಾರ್ಯ ಕಾರಣದಿಂದ ನಡೆಯುವುದಿಲ್ಲ’ ಎಂದಿತ್ತು. ಬರೆದವರದ್ದು ತಪ್ಪು ಕನ್ನಡ ಅಲ್ಲ. ಸರಿಯಾದ ಕನ್ನಡವೇ ಅಲ್ಲಿ ಉಲ್ಟಾ ಅರ್ಥ ಕೊಟ್ಟಿತು.

ಇಂಗ್ಲಿಷಿನಲ್ಲಿ ‘ಇಲ್ಲ’ ಎಂಬುದು ಬೇಗ ಬಂದುಬಿಡುತ್ತದೆ. ಪ್ರೀಹೆಡರಿನ ಬಗ್ಗೆ ಇಂಗ್ಲಿಷಿನಲ್ಲಿ ಇರುವ ಸಲಹೆಗಳನ್ನು ಹಾಗೇ ತಂದು ಕನ್ನಡಕ್ಕೆ ಹಾಕಿದರೆ ಕೆಲಸ ನಡೆಯುವುದಿಲ್ಲ. ನಮ್ಮದು ನಾವೇ ಕಂಡುಕೊಳ್ಳಬೇಕು. ನಾನು ಮಾಡುವುದು ಹೀಗೆ: ಮುಖ್ಯ ಮಾತನ್ನು ಎರಡು ಮೂರು ಪದದ ಪುಟ್ಟ ವಾಕ್ಯ ಮಾಡಿ ಮೊದಲು ಮುಗಿಸಿಬಿಡುತ್ತೇನೆ. ‘ಸಭೆ ಇಲ್ಲ.’ ಪೂರ್ಣವಿರಾಮ. ಆಮೇಲೆ ಉಳಿದದ್ದು. ಹಳ್ಳಿಯಲ್ಲಿ ದೂರದಿಂದ ಕೂಗಿ ಹೇಳುವಾಗ ನಾವು ಹಾಗೆಯೇ ಹೇಳುತ್ತೇವೆ. ಗುಡ್ಡದ ಆಚೆಗಿನವರಿಗೆ ‘ಬಸ್ಸಿಲ್ಲ!’ ಎಂದು ಮೊದಲು ಕೂಗುತ್ತೇವೆ. ಯಾಕೆ ಇಲ್ಲ ಎಂಬುದು ಹತ್ತಿರ ಬಂದ ಮೇಲೆ.

ಎಷ್ಟು ಅಕ್ಷರ ಕಾಣುತ್ತದೆ ಎಂದು ಯಾರೂ ಲೆಕ್ಕ ಕೊಡಲಾರರು. ಐಫೋನಿನ ಮೇಲ್‌ನಲ್ಲಿ ಪ್ರಿವ್ಯೂ ಎಷ್ಟು ಸಾಲು ಬೇಕು ಎಂದು ನಾವೇ ಆರಿಸಬಹುದು, ಒಂದೂ ಬೇಡ ಎಂಬುದರಿಂದ ಐದರವರೆಗೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದರೆ ಸಬ್ಜೆಕ್ಟ್ ಮತ್ತು ಪ್ರಿವ್ಯೂ ಒಂದೇ ಸಾಲಿನಲ್ಲಿ. ಸಬ್ಜೆಕ್ಟ್ ಉದ್ದವಾದಷ್ಟೂ ಪ್ರಿವ್ಯೂ ಗಿಡ್ಡ. ಅಲ್ಲೂ ಪ್ರಿವ್ಯೂ ಬೇಡ ಎಂದು ಆರಿಸಬಹುದು. ಆದ್ದರಿಂದ ಒಂದು ಮಾತು ಖಂಡಿತ ನೆನಪಿಡಿ: ಅಡಗಿದ ಸಾಲಿನಲ್ಲಿ ಹೇಳಿದ್ದನ್ನು ಪತ್ರದ ಒಳಗೂ ಹೇಳಿ. ಕೆಲವರಿಗೆ ಆ ಸಾಲು ಕಾಣುವುದೇ ಇಲ್ಲ. ಕಂಡವರು ಮೇಲ್ ತೆರೆದು ಆ ಮಾತನ್ನು ಹುಡುಕುತ್ತಾರೆ. ಸಿಗದಿದ್ದರೆ ಕಂಗಾಲಾಗುತ್ತಾರೆ. ‘ಈಗ ಇಲ್ಲಿ ಓದಿದೆ, ಎಲ್ಲಿ ಹೋಯಿತು?’ ಎಂದು ನನ್ನ ಅತ್ತೆಯೇ ಕೇಳಿದ್ದಾರೆ.

ಪ್ರಿವ್ಯೂ ಒಂದು ರೀತಿ ಪೋಸ್ಟ್ ಕಾರ್ಡ್ ಇದ್ದ ಹಾಗೆ. ಮೇಲ್‌ನ ಒಳಗಿನದ್ದು ಇನ್‌ಲ್ಯಾಂಡ್ ಲೆಟರ್. ಕಾರ್ಡನ್ನು ಪೋಸ್ಟಿನವನೂ ಓದುತ್ತಿದ್ದ, ಅಂಗಡಿಯಲ್ಲಿ ಕೊಟ್ಟು ಹೋದರೆ ಅಂಗಡಿಯವನೂ ಓದುತ್ತಿದ್ದ. ಅದು ಗೊತ್ತಿದ್ದೇ ಜನ ಕಾರ್ಡಿನಲ್ಲಿ ಏನು ಬರೆಯಬೇಕು, ಇನ್‌ಲ್ಯಾಂಡಿನಲ್ಲಿ ಏನು ಬರೆಯಬೇಕು ಎಂದು ಬೇರೆ ಮಾಡುತ್ತಿದ್ದರು. ಈಗ ಪ್ರಿವ್ಯೂ ಫೋನಿನ ಬೀಗ ತೆಗೆಯುವ ಮೊದಲೇ ಪರದೆಯ ಮೇಲೆ ಮೂಡಬಹುದು. ಫೋನ್ ಮೇಜಿನ ಮೇಲಿರುತ್ತದೆ, ನೆಂಟರು ಕೂತಿರುತ್ತಾರೆ. ರಕ್ತ ಪರೀಕ್ಷೆಯ ಫಲಿತಾಂಶ, ಸಾಲದ ಬಾಕಿ, ಒಟಿಪಿ, ಇವು ಆ ಸಾಲಿಗೆ ಬರಲೇಬಾರದು. ‘ನಿಮ್ಮ ವರದಿ ಸಿದ್ಧವಾಗಿದೆ’ ಎಂದರೆ ಸಾಕು. ಆಸ್ಪತ್ರೆ, ಬ್ಯಾಂಕು, ಶಾಲೆಗಳಲ್ಲಿ ಕೆಲಸ ಮಾಡುವವರು ಇಲ್ಲಿ ಇದ್ದರೆ ಇದನ್ನು ದಯವಿಟ್ಟು ನಿಮ್ಮ ಮೇಲಿನವರಿಗೆ ಹೇಳಿ.

ಅಡಗಿಸುವ ಈ ದಾರಿಯನ್ನು ಮೋಸಕ್ಕೂ ಬಳಸುತ್ತಾರೆ. ಪ್ರಿವ್ಯೂನಲ್ಲಿ ‘ನೀವು ಕೇಳಿದ ಹಣ ಜಮೆಯಾಗಿದೆ’ ಎಂದು ಇರುತ್ತದೆ, ತೆರೆದರೆ ಬೇರೆಯೇ ಏನೋ. ಈಚೆಗೆ ಇದು ಇನ್ನೊಂದು ರೂಪ ಪಡೆದಿದೆ. ಮೇಲ್ ಓದಿ ಸಾರಾಂಶ ಹೇಳುವ ಎಐ ಬಂದಿದೆ. 2024ರ ಅಕ್ಟೋಬರಿನಿಂದ ಕೆಲವು ಐಫೋನ್‌ಗಳಲ್ಲಿ ಬೂದು ಸಾಲಿನ ಜಾಗದಲ್ಲಿ ಅಂಥ ಸಾರಾಂಶವೇ ಬರುತ್ತದೆ. ಮನುಷ್ಯರಿಗೆ ಕಾಣದ ಅಕ್ಷರ ಯಂತ್ರಕ್ಕೆ ಕಾಣಬಹುದು. ಬಿಳಿಯ ಮೇಲೆ ಬಿಳಿ ಬಣ್ಣದಲ್ಲಿ ಆಜ್ಞೆ ಬರೆದಿಟ್ಟು, ಸಾರಾಂಶದಲ್ಲಿ ಸುಳ್ಳು ಎಚ್ಚರಿಕೆ ಮೂಡಿಸಬಹುದು ಎಂದು 2025ರಲ್ಲಿ ಭದ್ರತಾ ಸಂಶೋಧಕರು ತೋರಿಸಿದರು. ಪ್ರಿವ್ಯೂ ಆಗಲಿ, ಸಾರಾಂಶ ಆಗಲಿ, ಅಷ್ಟನ್ನೇ ನೋಡಿ ಹಣ ಕಳಿಸಬೇಡಿ, ನಂಬರಿಗೆ ಫೋನ್ ಮಾಡಬೇಡಿ. ಅಡಗಿದ ಸಾಲು ತಪ್ಪಲ್ಲ. ಆದರೆ ಒಳಗೆ ಇಲ್ಲದ್ದನ್ನು ಹೊರಗೆ ಹೇಳುವ ಸಾಲು ತಪ್ಪು. ನಾನು ಅಂಥದ್ದನ್ನು ಬರೆದುಕೊಡುವುದಿಲ್ಲ.

ಅಪ್ಪಚ್ಚಿಯ ಮೇಲ್‌ಗೆ ಮತ್ತೆ ಬರುತ್ತೇನೆ. ಅದನ್ನು ಸರಿ ಮಾಡಲು ಎಷ್ಟು ಕೆಲಸ? ಭಾಷೆ ಯಾವುದು ಎಂದು ಅವರ ಹತ್ತಿರ ದಾಖಲೆ ಇತ್ತು. ಕನ್ನಡ ಎಂದವರಿಗೆ ಕನ್ನಡದ ಪ್ರೀಹೆಡರ್, ಮಲೆಯಾಳ ಎಂದವರಿಗೆ ಮಲೆಯಾಳದ್ದು ಎಂದು ಒಂದು ಷರತ್ತು ಹಾಕಬೇಕಿತ್ತು. ಅರ್ಧ ಗಂಟೆಯ ಕೆಲಸ. ಮೇಲ್‌ನ ಉಳಿದ ಭಾಗ ಮುಟ್ಟುವುದೂ ಬೇಡ. ‘ಒಂದು ದಾಖಲೆ ಬೇಕು. 30 ದಿನದೊಳಗೆ ಕೊಡಿ. ಕನ್ನಡ ವಿವರ ಕೆಳಗಿದೆ.’ ಇಷ್ಟೇ. ಅವರಿಗೆ ನಾನು ಇದನ್ನು ಬರೆದು ಕಳಿಸಿದ್ದೇನೆ. ಬೈದು ಅಲ್ಲ, ಆ ಸಾಲಿನ ಕೋಡನ್ನೂ ಸೇರಿಸಿ. ಅಪ್ಪಚ್ಚಿ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕಾಯಿತು.

ಮಾತು ಮುಗಿದ ಮೇಲೆ ಒಬ್ಬರು ಅಕ್ಕ ಎದ್ದು ನಿಂತರು. ಮಹಿಳೆಯರ ಒಂದು ಸ್ವಸಹಾಯ ಗುಂಪಿನ ಕಾರ್ಯದರ್ಶಿ. ‘ನಮಗೆ ಕೋಡು ಗೀಡು ಬರುವುದಿಲ್ಲ. ಫೋನಿನಲ್ಲೇ ಮೇಲ್ ಬರೆದು ಇಪ್ಪತ್ತು ಜನಕ್ಕೆ ಕಳಿಸುತ್ತೇನೆ. ನಾನು ಎಂತ ಮಾಡಬೇಕು?’ ಎಂದು ಕೇಳಿದರು. ಅವರಿಗೆ ಅಡಗಿಸುವ ಅಗತ್ಯವೇ ಇಲ್ಲ. ಅವರ ಮೊದಲ ವಾಕ್ಯವೇ ಬೂದು ಸಾಲು. ಅವರು ಕಳೆದ ಸಲ ಕಳಿಸಿದ್ದನ್ನು ಓದಿ ಹೇಳಿದರು: ‘ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನ ಈ ತಿಂಗಳ ಸಭೆಯನ್ನು ಕೆಲವರ ಮನೆಯಲ್ಲಿ ಕಾರ್ಯಕ್ರಮ ಇರುವ ಕಾರಣ 15ರ ಬದಲು 22ಕ್ಕೆ ಇಟ್ಟುಕೊಂಡಿದ್ದೇವೆ.’ ಎಲ್ಲರೂ ಸೇರಿ ಅದನ್ನು ಬೋರ್ಡಿನಲ್ಲಿ ತಿದ್ದಿದೆವು. ‘ನಮಸ್ಕಾರ ಬಿಟ್ಟರೆ ಮರ್ಯಾದೆ ಅಲ್ಲ’ ಎಂದು ಹಿಂದಿನ ಸಾಲಿನ ಒಬ್ಬ ಹಿರಿಯರು ಹೇಳಿದರು. ಅವರ ಮಾತು ಸರಿ. ನಮಸ್ಕಾರವನ್ನು ಬಿಡಲಿಲ್ಲ, ಎರಡನೇ ಸಾಲಿಗೆ ಇಳಿಸಿದೆವು. ಮೊದಲ ಸಾಲು ಹೀಗಾಯಿತು: ‘15ಕ್ಕೆ ಸಭೆ ಇಲ್ಲ. ಈ ತಿಂಗಳ ಸಭೆ 22ಕ್ಕೆ, ಮಧ್ಯಾಹ್ನ ಮೂರಕ್ಕೆ.’

ಅಕ್ಕ ಅಲ್ಲೇ ಟೈಪ್ ಮಾಡಿ ಹಾಲ್‌ನಲ್ಲಿದ್ದ ಆರೇಳು ಜನರಿಗೆ ಕಳಿಸಿದರು. ಒಂದೊಂದೇ ಫೋನ್ ಸದ್ದು ಮಾಡಿತು. ದೊಡ್ಡ ಫೋನುಗಳಲ್ಲಿ ಪೂರ್ತಿ ಕಂಡಿತು. ಕಿಟಕಿಯ ಹತ್ತಿರ ಕೂತಿದ್ದ ಅಜ್ಜನ ಫೋನ್ ಚಿಕ್ಕದು, ಅಕ್ಷರ ದೊಡ್ಡದು ಮಾಡಿಟ್ಟಿದ್ದರು. ಅದರಲ್ಲಿ ‘15ಕ್ಕೆ ಸಭೆ ಇಲ್ಲ. ಈ ತಿಂಗಳ ಸಭೆ...’ ಎಂದು ನಿಂತಿತು. ‘ಈ ತಿಂಗಳ ಸಭೆ’ ಎಂಬುದನ್ನು ಹೊಡೆದು ಹಾಕಿ, ‘15ಕ್ಕೆ ಸಭೆ ಇಲ್ಲ, 22ಕ್ಕೆ’ ಎಂದು ಬರೆದು ಇನ್ನೊಮ್ಮೆ ಕಳಿಸಿದರು. ಅಜ್ಜ ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು, ಜೋರಾಗಿ ಓದಿದರು. ಇಪ್ಪತ್ತೆರಡರ ತನಕ ಬಂತು.